ಬೇಸಿಗೆಯ ಮೊದಲಲ್ಲಿ ಮಲೆನಾಡಿನ ಕಾಡುಹಣ್ಣು, ಹೂವುಗಳನ್ನು ಆಯುವ ಕ್ರಮ

ಹೂಮಳೆ ಬಿದ್ದು ಕಾಫಿಯ ಹೂವು ಉದುರಿದಂದಿನಿಂದ ಮುಂಗಾರು ಹಿಡಿಯುವವರೆಗಿನ ಎರಡು ತಿಂಗಳು ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಕಾಡುಹಣ್ಣಿನ ಕಾಲ. ಹಣ್ಣಿಗಾಗಿ ದಟ್ಟ ಕಾಡಿಗೇ ನುಗ್ಗಬೇಕೆಂದು ಹೊಸಬರು ತಿಳಿಯುತ್ತಾರೆ; ಆದರೆ ಕವಳೆ, ಕುಂಟನೇರಳೆಯಂಥ ಗಿಡಗಳು ಬಿಸಿಲನ್ನು ಬಯಸುವುದರಿಂದ ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ, ತೋಟದ ಬೇಲಿಸಾಲಿನಲ್ಲಿ, ಹಳೆಯ ಗಾಡಿದಾರಿಯ ಬದಿಯಲ್ಲಿಯೇ ಹೆಚ್ಚು ಸಿಗುತ್ತವೆ. ಅಲ್ಲಿ ತೋಟದವರ ಒಪ್ಪಿಗೆಯೊಂದಿದ್ದರೆ ಸಾಕು. ಭದ್ರಾ ಅಭಯಾರಣ್ಯ ಮತ್ತು ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುವುದರಿಂದ ಅಲ್ಲಿ ಏನನ್ನೂ ಕೀಳುವಂತಿಲ್ಲ. ಬಿಸಿಲೆಯಂಥ ಮೀಸಲು ಅರಣ್ಯದಲ್ಲಿಯೂ ಇಲಾಖೆಯ ಅನುಮತಿ ಬೇಕು.

ಹೊರಡುವ ಮುನ್ನ ಉಣುಗಿನ, ಅಂದರೆ ರಕ್ತ ಹೀರುವ ಉಣ್ಣಿಯ, ವಿಚಾರ ನೆನಪಿರಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ, ಮತ್ತು ಅದರ ಹಾವಳಿ ಹೆಚ್ಚುವುದು ಈ ಒಣ ತಿಂಗಳುಗಳಲ್ಲೇ. ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಹಂಚುವ ತೈಲವನ್ನು ಕೈಕಾಲಿಗೆ ಸವರಿಕೊಂಡು ಹೋಗಬೇಕು. ಮನೆಗೆ ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಬೇಕು. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಗಳ ತೋಟಗಳಲ್ಲಿ ಆನೆಯ ಓಡಾಟವಿರುವುದರಿಂದ ನಸುಕು ಮತ್ತು ಮುಸ್ಸಂಜೆಗಳನ್ನು ಬಿಟ್ಟು, ಹಲಸು ಹಣ್ಣಾದ ಮರದ ಕೆಳಗೆ ಹೆಚ್ಚು ಹೊತ್ತು ನಿಲ್ಲದಿರುವುದು ಕ್ಷೇಮ.

ಕಲಿಯುವವರು ಕವಳೆಯಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನೋಡುವ ಕಣ್ಣನ್ನು ಅದರಷ್ಟು ಚೆನ್ನಾಗಿ ಪಳಗಿಸುವ ಗಿಡ ಮತ್ತೊಂದಿಲ್ಲ. ಮುರಿದರೆ ಹಾಲು ಬರುವ ಗಿಡದ ಕಾಯನ್ನು ಬಾಯಿಗಿಡಬಾರದೆಂಬುದು ಸಾಮಾನ್ಯ ನಿಯಮ. ಕವಳೆ ಹಾಲು ಬರುವ ಗಿಡವಾದರೂ ತಿನ್ನಬಹುದಾದದ್ದು; ಆದರೆ ವಿಷದ ಕಣಗಿಲೆಯೂ ಅದರ ಕುಟುಂಬದ್ದೇ. ಆದ್ದರಿಂದ ಹಾಲೊಂದನ್ನೇ ನೋಡದೆ, ಎದುರುಬದುರಾಗಿ ಕೂತ ದಪ್ಪ ಎಲೆ, ಚೂಪಾದ ಗಟ್ಟಿ ಮುಳ್ಳು, ಮಲ್ಲಿಗೆಯಂಥ ಬಿಳಿ ಹೂವು, ಹಸಿರಿನಿಂದ ಕೆಂಪಾಗಿ ಕೊನೆಗೆ ಕಪ್ಪಾಗುವ ಕಾಯಿ, ಇವೆಲ್ಲ ಒಟ್ಟಿಗೆ ಕಂಡಾಗ ಮಾತ್ರ ಕೀಳಬೇಕು. ಪೂರ್ತಿ ಕಪ್ಪಾದದ್ದು ಬೆರಳು ತಾಗಿದರೆ ಕಳಚಿಕೊಳ್ಳುತ್ತದೆ. ಎಳೆದು ಕೀಳಬೇಕಾದದ್ದು ಇನ್ನೂ ಹಣ್ಣಾಗಿಲ್ಲ, ತಿಂದರೆ ತುಟಿಗೆ ಸೊನೆ ಅಂಟುತ್ತದೆ. ಉಪ್ಪಿನಕಾಯಿಗೆ ಮಿಡಿಯೇ ಬೇಕಾದರೂ ಒಂದೇ ಗಿಡವನ್ನು ಬೋಳಿಸಬಾರದು, ಹಕ್ಕಿಗಳಿಗೂ ಉಳಿಯಬೇಕು.

ಕಾಂಡದಲ್ಲಿ ಮುಳ್ಳಿರುವ ಹಣ್ಣುಸಂಪಿಗೆಯ ಕೆಂಪು ಹಣ್ಣನ್ನು ಅಂಗೈಗಳ ನಡುವೆ ಉರುಳಿಸಿ ಮೆದುಮಾಡಿ ತಿಂದರೆ ಒಗರು ತಗ್ಗುತ್ತದೆ. ಕಿತ್ತಳೆ ಬಣ್ಣದ, ಗುಂಡಗಿನ, ನುಣುಪಾದ ಕಾಸರಕದ ಹಣ್ಣು ಎಷ್ಟೇ ಚೆಂದ ಕಂಡರೂ ಮುಟ್ಟಬಾರದು: ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಪ್ರಾಣಾಂತಕ ವಿಷವಿದೆ. ಮಕ್ಕಳು ಜೊತೆಗಿದ್ದರೆ ಈ ಮರವನ್ನೇ ಮೊದಲು ತೋರಿಸಿಕೊಡಬೇಕು.

ಹೂವುಗಳಲ್ಲಿ ಸುರಗಿಯದು ಮುಂಚಿನ ಸರದಿ. ಅದರ ಮೊಗ್ಗು ಎಲೆಯಿಲ್ಲದ ಹಳೆಯ ಕೊಂಬೆಗೇ ಗೊಂಚಲಾಗಿ ಅಂಟಿರುವುದರಿಂದ ದೋಟಿಯಿಂದ ಎಳೆದರೆ ಕೊಂಬೆ ಮುರಿದು ಮುಂದಿನ ವರ್ಷದ ಹೂವೂ ಹೋಗುತ್ತದೆ. ಅರಳುವ ಹೊತ್ತಿಗೆ ಬಂದ ಮೊಗ್ಗನ್ನು ಕೈಯಿಂದಲೇ ಬಿಡಿಸಿ, ಅರಳುವ ಮೊದಲೇ ದಾರಕ್ಕೆ ಪೋಣಿಸಬೇಕು. ಒಣಗಿದ ಮೇಲೂ ಪರಿಮಳ ಉಳಿಯುವುದರಿಂದ ಸೀರೆಗಳ ನಡುವೆ ಇಡುವ ರೂಢಿಯಿದೆ. ರಂಜದ ಹೂವಿಗೆ ಮರ ಹತ್ತುವ ಶ್ರಮವಿಲ್ಲ, ಬೆಳಗ್ಗೆ ನೆಲದಿಂದ ಆರಿಸಿಕೊಂಡರಾಯಿತು.

ಮುರುಗಲನ್ನು (ಕೋಕಂ) ಮಾತ್ರ ಮಳೆಯ ಲೆಕ್ಕ ಹಾಕಿ ಕೊಯ್ಯಬೇಕು. ಕಡುಗೆಂಪಾದ ಹಣ್ಣನ್ನು ಒಡೆದು, ತಿರುಳು ಬೀಜಗಳನ್ನು ಬೇರ್ಪಡಿಸಿ, ಸಿಪ್ಪೆಯನ್ನು ಅದೇ ರಸದಲ್ಲಿ ಅದ್ದಿ ಬಿಸಿಲಿಗೆ ಹರಡುವ ಕೆಲಸವನ್ನು ಬಣ್ಣ ಕಪ್ಪಾಗುವವರೆಗೆ ದಿನವೂ ಮಾಡಬೇಕಾಗುತ್ತದೆ. ನಡುವೆ ಮೋಡ ಕವಿದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮೇ ಕೊನೆಯವರೆಗೆ ಕಾಯದೆ, ಮೊದಲು ಹಣ್ಣಾದ ಮರದಿಂದಲೇ ಶುರುಮಾಡಿ, ಒಣಗಿದ ಸಿಪ್ಪೆಗೆ ಉಪ್ಪು ಬೆರೆಸಿ ಭರಣಿಯಲ್ಲಿ ಗಾಳಿಯಾಡದಂತೆ ಮುಚ್ಚಿಡಬೇಕು.