ಪಾದದ ನಡುವಿನ ಐದು ಮೂಳೆಗಳನ್ನು ಬೆರಳಲ್ಲೇ ಹುಡುಕುವುದು ಹೇಗೆ?

ಒಂದು ಪಾದದಲ್ಲಿ 26 ಮೂಳೆಗಳು. ಹಿಮ್ಮಡಿ ಎಲ್ಲಿದೆ, ಬೆರಳುಗಳ ಮೂಳೆ ಎಲ್ಲಿವೆ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ನಡುವೆ ಇರುವ ಐದರ ಸುದ್ದಿಗೆ ಮಾತ್ರ ಯಾರೂ ಹೋಗುವುದಿಲ್ಲ, ಅಲ್ಲಿ ನೋವು ಬರುವ ತನಕ. ಸುಮ್ನೆ ಚಿತ್ರ ನೋಡಿ ಹೆಸರು ಉರು ಹೊಡೆಯುವುದಕ್ಕಿಂತ ನಿಮ್ಮ ಪಾದದಲ್ಲೇ ಹುಡುಕಿ. ತೊಳೆದರೆ ಹೋಗುವ ಸ್ಕೆಚ್ ಪೆನ್ ಒಂದಿದ್ದರೆ ಸಾಕು.

ಕುರ್ಚಿಯಲ್ಲಿ ಕೂತು ಬಲಗಾಲನ್ನು ಎಡತೊಡೆಯ ಮೇಲೆ ಹಾಕಿಕೊಳ್ಳಿ. ಪಾದ ಸಡಿಲವಾಗಿರಲಿ. ಬಿಗಿ ಹಿಡಿದರೆ ಟೆಂಡನ್‌ಗಳೆಲ್ಲ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಎದ್ದು ನಿಂತು ಮೂಳೆ ಕೈಗೆ ಸಿಗುವುದಿಲ್ಲ.

ಮೊದಲು ನ್ಯಾವಿಕ್ಯುಲರ್. ಪಾದದ ಗಂಟಿನ ಒಳಬದಿಯಲ್ಲಿ ದೊಡ್ಡ ಉಬ್ಬು ಇದೆಯಲ್ಲ, ಅಲ್ಲಿಂದ ಬೆರಳನ್ನು ಓರೆಯಾಗಿ ಕೆಳಗೆ, ಮುಂದಕ್ಕೆ ಸುಮಾರು ಎರಡು ಬೆರಳಗಲ ಜಾರಿಸಿ. ಗಟ್ಟಿಯಾದ ಚಿಕ್ಕ ಉಬ್ಬೊಂದು ತಡೆಯುತ್ತದೆ. ಅನುಮಾನವಿದ್ದರೆ ಕೈಯನ್ನು ಅಡ್ಡ ಕೊಟ್ಟು ಪಾದವನ್ನು ಒಳಕ್ಕೆ ತಿರುಗಿಸಲು ನೋಡಿ. ಗಂಟಿನ ಹಿಂದಿನಿಂದ ಬರುವ ಟೆಂಡನ್ ಬಿಗಿಯಾಗಿ ಇದೇ ಉಬ್ಬಿಗೆ ಬಂದು ಸೇರುತ್ತದೆ. ಕೆಲವರಿಗೆ ಇಲ್ಲಿ ಒಂದು ಹೆಚ್ಚುವರಿ ಪುಟ್ಟ ಮೂಳೆಯೂ ಇರುತ್ತದೆ. ನೋವಿಲ್ಲದಿದ್ದರೆ ಅದರ ಗೊಡವೆ ಬೇಡ. ಇಲ್ಲೊಂದು ಚುಕ್ಕೆ ಇಡಿ.

ಚುಕ್ಕೆಯಿಂದ ಹೆಬ್ಬೆರಳಿನ ಕಡೆಗೆ ಸರಿಯಿರಿ. ಸಣ್ಣ ತಗ್ಗು, ಅದು ಕೀಲು. ದಾಟಿದರೆ ಒಳಗಿನ ಕ್ಯುನಿಫಾರ್ಮ್. ಕ್ಯುನಿಫಾರ್ಮ್‌ಗಳು ಮೂರು. ಮೂರರಲ್ಲಿ ಇದೇ ದೊಡ್ಡದು.

ಉಳಿದೆರಡು ಪಾದದ ಮೇಲ್ಭಾಗದಲ್ಲಿವೆ. ಎರಡನೇ ಬೆರಳಿನ ನೇರಕ್ಕಿರುವ ಉದ್ದ ಮೂಳೆಯನ್ನು, ಅಂದರೆ ಮೆಟಟಾರ್ಸಲನ್ನು, ಒತ್ತುತ್ತಾ ಹಿಂದಕ್ಕೆ ಹೋಗಿ. ಅದು ಅಕ್ಕಪಕ್ಕದವಕ್ಕಿಂತ ಜಾಸ್ತಿ ಹಿಂದೆ ಬಂದು ನಿಲ್ಲುತ್ತದೆ. ಅಲ್ಲಿರುವ ನಡು ಕ್ಯುನಿಫಾರ್ಮ್ ಗಿಡ್ಡ. ಹಾಗಾಗಿ ಎರಡೂ ಬದಿಯ, ಅಂದರೆ ಒಳಗಿನ ಮತ್ತು ಹೊರಗಿನ, ಕ್ಯುನಿಫಾರ್ಮ್‌ಗಳ ನಡುವೆ ಒಂದು ಗೂಡಿನಂಥ ಜಾಗ ಉಳಿದು, ಎರಡನೇ ಮೆಟಟಾರ್ಸಲಿನ ಬುಡ ಅದರಲ್ಲಿ ಕೂತಿದೆ. ಇಡೀ ನಡುಪಾದಕ್ಕೆ ಬೀಗ ಇದೇ ಅಂತ ನನ್ನ ಲೆಕ್ಕ. ಹೆಬ್ಬೆರಳಿನ ಮೆಟಟಾರ್ಸಲನ್ನು ಹಿಡಿದು ಮೇಲೆ ಕೆಳಗೆ ಆಡಿಸಿ, ಕೊಂಚ ಆಡುತ್ತದೆ. ಎರಡನೆಯದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ನಡುವಿನ ಮತ್ತು ಹೊರಗಿನ ಕ್ಯುನಿಫಾರ್ಮ್‌ಗಳಿಗೆ ಅಗಲದ ಬದಿ ಮೇಲೆ, ಚೂಪು ಕೆಳಗೆ. ಕಲ್ಲಿನ ಕಮಾನಿನ ಹಾಗೆ, ಮೇಲಿನಿಂದ ಭಾರ ಬಿದ್ದಷ್ಟೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ.

ಆದರೆ ಒಂದು ಕೊರತೆ ಇದೆ. ಮೊದಲ ಮತ್ತು ಎರಡನೇ ಮೆಟಟಾರ್ಸಲಿನ ಬುಡಗಳನ್ನು ನೇರವಾಗಿ ಕಟ್ಟುವ ಲಿಗಮೆಂಟ್ (ಮೂಳೆಯನ್ನು ಮೂಳೆಗೆ ಬಿಗಿಯುವ ಪಟ್ಟಿ) ಇಲ್ಲ. ಒಳಗಿನ ಕ್ಯುನಿಫಾರ್ಮಿನಿಂದ ಎರಡನೇ ಮೆಟಟಾರ್ಸಲಿಗೆ ಓರೆಯಾಗಿ ಹೋಗುವ ಲಿಗಮೆಂಟೇ ಆಧಾರ. ಫ್ರೆಂಚ್ ಶಸ್ತ್ರಚಿಕಿತ್ಸಕ ಜಾಕ್ ಲಿಸ್‌ಫ್ರಾಂಕ್ ಹೆಸರು ಅದಕ್ಕಿದೆ. ಪಾದ ತಿರುಚಿ ಅದು ಹರಿದರೆ ಸಾದಾ ಉಳುಕು ಅಂತಲೇ ಕಾಣಬಹುದು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲೂ ಕೆಲವೊಮ್ಮೆ ಸಿಗುವುದಿಲ್ಲ, ನಿಲ್ಲಿಸಿ ತೆಗೆದಾಗ ಮೂಳೆಗಳ ನಡುವೆ ಬಿಟ್ಟುಕೊಂಡ ಸಂದು ಗೊತ್ತಾಗುತ್ತದೆ. ತಿರುಚಿದ ಮೇಲೆ ಅಂಗಾಲಿನ ನಡುವೆ ರಕ್ತ ಹೆಪ್ಪುಗಟ್ಟಿ ನೀಲಿಯಾದರೆ, ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಐದನೆಯದು ಕ್ಯೂಬಾಯ್ಡ್. ಪಾದದ ಹೊರ ಅಂಚನ್ನು ಕಿರುಬೆರಳಿನಿಂದ ಹಿಂದಕ್ಕೆ ಸವರಿ. ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ ಒಂದು ಮೊನೆ ಸಿಗುತ್ತದೆ, ಅದು ಐದನೇ ಮೆಟಟಾರ್ಸಲಿನ ಬುಡ. ಅದರ ಹಿಂದಿನ ತಗ್ಗೇ ಕ್ಯೂಬಾಯ್ಡ್ ಇರುವ ಜಾಗ.

ಈಗ ನ್ಯಾವಿಕ್ಯುಲರ್ ಚುಕ್ಕೆಗೆ ಬನ್ನಿ. ಎರಡೂ ಪಾದ ನೆಲಕ್ಕೆ ಊರಿ ಕೂತು, ಪಕ್ಕದಲ್ಲಿ ಒಂದು ರಟ್ಟು ನಿಲ್ಲಿಸಿ ಚುಕ್ಕೆಯ ಎತ್ತರ ಗುರುತು ಮಾಡಿ. ಎದ್ದು ನಿಂತು ಮತ್ತೆ ಗುರುತು ಮಾಡಿ. ಚುಕ್ಕೆ ಕೆಳಗಿಳಿದಿರುತ್ತದೆ. ಭಾರ ಬಿದ್ದಾಗ ಪಾದದ ಕಮಾನು ತಗ್ಗುವುದು ಸಹಜ. 1 ಸೆಂಟಿಮೀಟರಿನ ಒಳಗಿದ್ದರೆ ಸಾಮಾನ್ಯ. ಜಾಸ್ತಿ ಇಳಿದು, ಜೊತೆಗೆ ನೋವೂ ಇದ್ದರೆ ಆ ರಟ್ಟನ್ನೇ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.