ಲಹರಿ ಎಂದರೆ ನಮ್ಮ ಮನೆಗಳಲ್ಲಿ ಬೇರೆ ಅರ್ಥ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಗ್ರಾಮ ಪಂಚಾಯತಿಗೆ ನಾನು ವಾರ್ಡ್ ಸದಸ್ಯೆಯಾಗಿ ಆಯ್ಕೆಯಾದಾಗ ನನ್ನ ಬಳಿಗೆ ಬಂದ ಮೊದಲ ದೂರು ಕುಡಿಯುವ ನೀರಿನದು, ಎರಡನೆಯದು ಮುರಕಲ್ಲಿನ ಕೋರೆಯದು. ಕಲ್ಲು ತೆಗೆದು ಬಿಟ್ಟುಹೋದ ಆ ಹೊಂಡದಲ್ಲಿ ಸಂಜೆಯಾದರೆ ಹುಡುಗರು ಸೇರುತ್ತಾರೆ, ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಆ ದಾರಿಯಲ್ಲಿ ನಡೆಯಲು ಹೆದರಿಕೆ, ಏನಾದರೂ ಮಾಡಿ ಎಂದು ಕೇಳಿಕೊಂಡಿದ್ದರು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ದಾರಿದೀಪ ಹಾಕಿಸಿದೆ, ಪೊದೆ ಸವರಿಸಿದೆ, ಎರಡು ಸಂಜೆ ಪೊಲೀಸ್ ಜೀಪು ಬರುವಂತೆ ನೋಡಿಕೊಂಡೆ. ಕೋರೆ ಖಾಲಿಯಾಯಿತು, ಗ್ರಾಮಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಹುಡುಗರು ರೈಲು ಹಳಿಯ ಪಕ್ಕದ ತೆಂಗಿನ ತೋಟದಲ್ಲಿದ್ದರು. ಅಲ್ಲಿ ದೂರು ಕೊಡುವವರು ಯಾರೂ ಇರಲಿಲ್ಲ. ಅಮಲಿನಲ್ಲಿರುವವನಿಗೆ ಕೋರೆಗಿಂತ ಹಳಿಯೇ ಅಪಾಯ ಎಂಬುದು ನನಗೆ ಹೊಳೆದದ್ದು ಆಮೇಲೆ. ಅಂದಿನಿಂದ ದೀಪದ ಕಂಬ ನೋಡಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಅದೇ ತಿಂಗಳು ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಒಬ್ಬ ತಾಯಿ ಎದ್ದುಹೋಗದೆ ಕುಳಿತೇ ಇದ್ದರು. ಎಲ್ಲರೂ ಹೋದ ಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿಯನ್ನು ಬೆಂಚಿನ ಮೇಲಿಟ್ಟರು. ಕಣ್ಣಿಗೆ ಬಿಡುವ ಔಷಧ. “ಮಗನ ಚೀಲದಲ್ಲಿ ಇಂಥವು ನಾಲ್ಕು ಇದ್ದವು. ಅವನಿಗೆ ಕಣ್ಣಿನ ತೊಂದರೆ ಏನೂ ಇಲ್ಲ” ಎಂದರು. ನನಗೆ ಅರ್ಥವಾಗಲಿಲ್ಲ. ಔಷಧದಂಗಡಿಯವರು ಬಿಡಿಸಿ ಹೇಳಿದರು: ಗಾಂಜಾ ಸೇದಿದರೆ ಕಣ್ಣು ಕೆಂಪಾಗುತ್ತದೆ, ಮನೆಗೆ ಹೋಗುವ ಮುನ್ನ ಆ ಕೆಂಪನ್ನು ಅಡಗಿಸುವುದಕ್ಕೆ ಈ ಹನಿ. ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ. ಹಿಂದಿನ ವರ್ಷ ನಾವು ಮಾದಕ ವಸ್ತುಗಳ ವಿರುದ್ಧ ಪ್ರತಿಜ್ಞೆ ಬೋಧಿಸಿದ ಸಾಲಿನಲ್ಲಿ ಅವನೂ ಕೈ ಮುಂದೆ ಚಾಚಿ ನಿಂತಿದ್ದ. ಪ್ರತಿಜ್ಞೆಯ ಕಾರ್ಯಕ್ರಮಗಳ ಮೇಲೆ ನನಗಿದ್ದ ನಂಬಿಕೆ ಅಂದೇ ಹೋಯಿತು.

ಒಬ್ಬ ಆಪ್ತಸಮಾಲೋಚಕರನ್ನು ಊರಿಗೆ ಕರೆಸಿದೆ. ಒಳ್ಳೆಯ ಮನುಷ್ಯ, ತಾಳ್ಮೆಯವರು. ಆದರೆ ಅವರ ಪ್ರಶ್ನೆಪತ್ರ ಮಲಯಾಳದಲ್ಲಿತ್ತು. ನಮ್ಮ ಹುಡುಗ ಮನೆಯಲ್ಲಿ ತುಳು ಮಾತನಾಡಿ, ಕನ್ನಡ ಶಾಲೆಯಲ್ಲಿ ಓದಿದವನು. ಅವನ ಮಲಯಾಳ ಪೇಟೆಯ ವ್ಯವಹಾರಕ್ಕೆ ಸಾಕಾಗುವಷ್ಟು. ಲಹರಿಯಲ್ಲಿ ಆಸಕ್ತಿ ಇದೆಯೇ ಎಂದು ಅವರು ಕೇಳಿದರು. ಮಲಯಾಳದಲ್ಲಿ ಲಹರಿ ಎಂದರೆ ಅಮಲು, ಆಸಕ್ತಿ ಎಂದರೆ ಬಿಡಲಾಗದ ಚಟದ ಸೆಳೆತ. ಕನ್ನಡದ ಕಿವಿಗೆ ಎರಡೂ ಚಂದದ ಮಾತುಗಳು: ಲಹರಿ ಮನಸ್ಸಿನದು, ಆಸಕ್ತಿ ಓದಿನದು. ಹುಡುಗ ಇಲ್ಲವೆಂದು ತಲೆಯಾಡಿಸಿದ. ಕಾಗದದಲ್ಲಿ ‘ಇಲ್ಲ’ ಎಂದು ಗುರುತು ಬಿತ್ತು. ತಪ್ಪು ಅವರದಲ್ಲ, ಭಾಷೆಯ ವಿಚಾರ ಮೊದಲೇ ಯೋಚಿಸದ ನನ್ನದು. ಪಂಚಾಯತಿನ ಬ್ಯಾನರಿನಲ್ಲಿ ‘ಲಹರಿ ಬೇಡ’ ಎಂದು ಕನ್ನಡ ಅಕ್ಷರಗಳಲ್ಲಿ ಬರೆಸಿ, ಕನ್ನಡದಲ್ಲಿ ಹೇಳಿದ್ದೇನೆ ಎಂದು ತೃಪ್ತಿಪಟ್ಟವಳೂ ನಾನೇ.

ಆ ರಾತ್ರಿ ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದು ಮಲಯಾಳ, ಕನ್ನಡ, ತುಳು ಎಂದು ಪದಗಳನ್ನು ಹೊಂದಿಸತೊಡಗಿದೆ. ನಿದ್ದೆ ಬಾರದಿರುವುದು, ಕೈ ನಡುಕ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಭಯ, ಸತ್ತುಹೋಗೋಣ ಎನಿಸುವುದು. ಇವನ್ನು ಮಗ ಹೇಳಿದರೆ ವೈದ್ಯರಿಗೆ ತಿಳಿಯಬೇಕು, ವೈದ್ಯರು ಕೇಳಿದರೆ ತಾಯಿಗೆ ತಿಳಿಯಬೇಕು.

ತಂದೆಯನ್ನು ಒಪ್ಪಿಸಲು ಹೆಚ್ಚು ದಿನ ಹಿಡಿಯಿತು. ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ ಎಂಬುದು ಅವರ ಹೆದರಿಕೆ. ಮಗನ ಮೇಲೆ ಕೇಸೇ ಇರಲಿಲ್ಲ. ಇದ್ದಿದ್ದರೂ ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಇದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ, ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಅದನ್ನು ಹಿಂಪಡೆಯಬಹುದು. ಇದನ್ನು ಅವರ ಜಗಲಿಯಲ್ಲಿ ಕುಳಿತು ಮೂರು ಬಾರಿ ಓದಿ ಹೇಳಿದೆ.

ಕೇರಳದ ಅಬಕಾರಿ ಇಲಾಖೆ 2016ರಲ್ಲಿ ಆರಂಭಿಸಿದ ವಿಮುಕ್ತಿ ಮಿಷನ್‌ನ ಚಿಕಿತ್ಸಾ ಕೇಂದ್ರ ನಮ್ಮ ಜಿಲ್ಲೆಗೆ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ನಮಗೆ ಅದು ಅರವತ್ತು ಕಿಲೋಮೀಟರಿಗೂ ಆಚೆ. ಮಂಗಳೂರು ಹತ್ತಿರ, ಆದರೆ ಅಲ್ಲಿಯ ಖಾಸಗಿ ಆಸ್ಪತ್ರೆಯ ಖರ್ಚು ಆ ಮನೆಗೆ ಹೊರಲಾಗದ್ದು. ವಿಮುಕ್ತಿಯ ಸಹಾಯವಾಣಿ 14405ಕ್ಕೆ ಕರೆ ಮಾಡಿ ವಿಚಾರಿಸಿಕೊಂಡು, ಬೆಳಗಿನ ರೈಲಿನಲ್ಲಿ ನಾವು ಮೂವರು ಹೊರಟೆವು. ಹುಡುಗ ಕಿಟಕಿಯ ಕಡೆ ಮುಖ ಮಾಡಿ ಕುಳಿತವನು ಚಂದ್ರಗಿರಿ ಹೊಳೆ ದಾಟುವವರೆಗೆ ಒಂದು ಮಾತೂ ಆಡಲಿಲ್ಲ. ಆಮೇಲೆ, “ಅಲ್ಲಿ ಕಟ್ಟಿಹಾಕುತ್ತಾರಾ?” ಎಂದು ಕೇಳಿದ. ಇಲ್ಲವೆಂದೆ. ತಾಯಿ ಅವನ ಅಂಗಿಯ ತುದಿಯನ್ನು ಹಿಡಿದುಕೊಂಡೇ ಇದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಗ ಆಸ್ಪತ್ರೆ ಸೇರಿದ ದಿನ ತಂದೆ ದೈವಕ್ಕೆ ಹರಕೆ ಹೊತ್ತು ತಮ್ಮ ಕುಡಿತವನ್ನು ಒಮ್ಮೆಲೇ ಬಿಟ್ಟರು. ನಾವೆಲ್ಲ ಕೊಂಡಾಡಿದೆವು. ಮೂರನೆಯ ದಿನ ಅವರು ಬೆವರಿ ನಡುಗುತ್ತಾ, ಗೋಡೆಯಲ್ಲಿ ಇರುವೆಗಳ ಸಾಲು ಹರಿಯುತ್ತಿದೆ ಎಂದು ಬರಿಗೋಡೆಯನ್ನು ಒರೆಸುತ್ತಿದ್ದರು. ಆ್ಯಂಬುಲೆನ್ಸ್ ಕರೆಸಬೇಕಾಯಿತು. ವರ್ಷಗಟ್ಟಲೆ ದಿನವೂ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಬುದ್ಧಿಭ್ರಮೆಯಾಗಬಹುದು, ಜೀವವೇ ಹೋಗಬಹುದು. ಹರಕೆ ಹೊರಲಿ, ಆದರೆ ವೈದ್ಯರಿಗೆ ತೋರಿಸಿಯೇ ಬಿಡಲಿ ಎಂದು ಈಗ ಪ್ರತಿಯೊಂದು ಮನೆಯಲ್ಲೂ ಹೇಳುತ್ತೇನೆ.

ಹುಡುಗ ಮರಳಿ ಬಂದ. ನಿಜವಾದ ಕೆಲಸ ಆಗ ಶುರುವಾಯಿತು, ಅದಕ್ಕೆ ಯೋಜನೆಯಲ್ಲಿ ಹಣದ ಶೀರ್ಷಿಕೆಯೇ ಇಲ್ಲ. ಹಳೆಯ ಸಿಮ್ ತೆಗೆಸಿದೆವು. ಸಂಜೆ ಐದರಿಂದ ಎಂಟರವರೆಗಿನ ಹೊತ್ತು ಅವನಿಗೆ ಕಷ್ಟ ಎಂದು ತಿಳಿದ ಮೇಲೆ, ಕುಟುಂಬಶ್ರೀ ಸದಸ್ಯೆಯೊಬ್ಬರು ತಮ್ಮ ಅಡಿಕೆ ತೋಟಕ್ಕೆ ನೀರು ಹಾಯಿಸುವ ಕೆಲಸವನ್ನು ಸರಿಯಾಗಿ ಆ ಹೊತ್ತಿಗೆ ಕೊಟ್ಟರು. ಗುರುವಾರ ನಾನು ಹೋಗಿ ಕೂರುತ್ತಿದ್ದೆ. ಮೂರನೆಯ ತಿಂಗಳು ಮತ್ತೆ ಚಟಕ್ಕೆ ಜಾರಿದ. ತಾಯಿ ಎದೆ ಬಡಿದುಕೊಂಡರು. ಹಾಗಾಗಬಹುದು, ಆದರೆ ಬೈಯದೆ ಕರೆತನ್ನಿ ಎಂದು ವೈದ್ಯರು ಮೊದಲೇ ಹೇಳಿದ್ದರು. ಮರುದಿನವೇ ಅದೇ ರೈಲು ಹತ್ತಿದೆವು.

ಆ ಪ್ರಯಾಣದಲ್ಲಿ ಅವನು ನನ್ನ ಪದಗಳ ಹಾಳೆಯನ್ನು ಕೇಳಿ ತೆಗೆದುಕೊಂಡ. ಆಸಕ್ತಿ ಎಂಬುದರ ಎದುರು ನಾನು ‘ಬಯಕೆ’ ಎಂದು ಬರೆದಿದ್ದೆ. “ಬಯಕೆ ಬಸುರಿಯರಿಗೆ. ಇದು ಎಳೆತ. ಹಗ್ಗ ಹಾಕಿ ಎಳೆದ ಹಾಗೆ” ಎಂದು ನನ್ನ ಪೆನ್ನು ಇಸಿದುಕೊಂಡು ತಿದ್ದಿದ. ನಿದ್ದೆಯ ಸಾಲಿನಲ್ಲಿ ಇನ್ನೆರಡು ಪದ ಸೇರಿಸಿದ. ಆ ಹಾಳೆಯನ್ನು ನೆರಳಚ್ಚು ಮಾಡಿಸಿ ನಮ್ಮ ಆಶಾ ಕಾರ್ಯಕರ್ತೆಯರಿಗೆಲ್ಲ ಕೊಟ್ಟಿದ್ದೇನೆ. ಎಳೆತ ಎಂಬ ಪದ ಅದರಲ್ಲಿ ಅವನ ಕೈಬರಹದಲ್ಲೇ ಇದೆ.