ಮನೆಯಲ್ಲಿ ನಾಡಿ ಮತ್ತು ರಕ್ತದೊತ್ತಡ ನೋಡುವ ಸರಿಯಾದ ಕ್ರಮ

ಕಳೆದ ಮೇ ತಿಂಗಳಲ್ಲಿ ರಾಯಚೂರಿನ ಮಟಮಟ ಮಧ್ಯಾಹ್ನ ನಡೆದುಬಂದು, ದವಾಖಾನೆಯೊಂದರ ಎರಡು ಮಹಡಿ ಹತ್ತಿದ ನಮ್ಮ ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ಏದುಸಿರು ಇಳಿಯುವ ಮೊದಲೇ ರವಿಕೆಯ ತೋಳಿನ ಮೇಲೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಬಂದದ್ದು 168/96. ಮನೆಯಲ್ಲಿ ಅರ್ಧ ಗಂಟೆ ಕೂರಿಸಿ ನಾನು ನೋಡಿದಾಗ 134/82 ಇತ್ತು. ಆ ಅರ್ಧ ಗಂಟೆ ಅವ್ವ ಪಟ್ಟ ಭಯ ನನಗಿನ್ನೂ ನೆನಪಿದೆ. ದೇಹ ಆ ಗಳಿಗೆಯಲ್ಲಿ ಎಷ್ಟು ಕೇಳುತ್ತದೋ ಅಷ್ಟನ್ನು ಹೃದಯ ಒದಗಿಸುತ್ತದೆ. ಆದ್ದರಿಂದ ಅಳತೆಗೆ ಮೊದಲು ದೇಹ ತಣ್ಣಗಾಗಬೇಕು.

ಹೃದಯವು ನಮ್ಮ ಮುಷ್ಟಿಯಷ್ಟು ದೊಡ್ಡ ಸ್ನಾಯು. ಬಲಭಾಗವು ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತದೆ; ಅಲ್ಲಿ ಆಮ್ಲಜನಕ ತುಂಬಿಕೊಂಡು ಎಡಭಾಗಕ್ಕೆ ಬಂದ ರಕ್ತವನ್ನು ಎಡ ಹೃತ್ಕುಕ್ಷಿಯು, ಅಂದರೆ ಹೃದಯದ ಎಡಗಡೆಯ ಕೆಳಕೋಣೆಯು, ಹೃದಯದಿಂದ ರಕ್ತ ಒಯ್ಯುವ ನಾಳಗಳಾದ ಅಪಧಮನಿಗಳಿಗೆ ದೂಡುತ್ತದೆ. ವಿಶ್ರಾಂತಿಯಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್. ಕಾಲುವೆಗೆ ತೂಬುಗಳಿರುವಂತೆ ಸಣ್ಣ ಅಪಧಮನಿಗಳು ಹಿಗ್ಗಿ ಕುಗ್ಗಿ ಯಾವ ಅಂಗಕ್ಕೆ ಎಷ್ಟು ರಕ್ತವೆಂಬುದನ್ನು ನಿರ್ಧರಿಸುತ್ತವೆ. ಬೇಸಿಗೆಯಲ್ಲಿ ಮೈ ತಂಪಾಗಲೆಂದು ಚರ್ಮದ ತೂಬುಗಳು ಅಗಲವಾಗಿ ತೆರೆಯುತ್ತವೆ, ಬೆವರಿನಿಂದ ನೀರೂ ಇಳಿಯುತ್ತದೆ. ಒತ್ತಡ ಕುಸಿಯದಂತೆ ಹೃದಯ ವೇಗವಾಗಿ ಬಡಿಯುತ್ತದೆ. ಮೇಲಿನ ತೂಬುಗಳೆಲ್ಲ ತೆರೆದರೆ ಕೆಳಗೆ ನೀರಿನ ಒತ್ತಡ ತಗ್ಗುತ್ತದೆಂಬುದನ್ನು ತುಂಗಭದ್ರೆಯ ಕಾಲುವೆಯ ಕೊನೆಯಂಚಿನ ಹೊಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ನಾಡಿ ನೋಡಿರಿ. ಅಂಗೈ ಮೇಲ್ಮುಖವಾಗಿರಲಿ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳನ್ನು ಹಗುರಾಗಿ ಒತ್ತಿರಿ. ಹೆಬ್ಬೆರಳಿನಿಂದ ನೋಡಬಾರದು, ಅದರದೇ ಮಿಡಿತ ಕೈಗೆ ಸಿಕ್ಕು ಲೆಕ್ಕ ತಪ್ಪುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿರಿ; ಲಯ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಿರಿ. ವಯಸ್ಕರಲ್ಲಿ ವಿಶ್ರಾಂತಿಯ ನಾಡಿ ಸಾಮಾನ್ಯವಾಗಿ 60ರಿಂದ 100.

ಬಿ.ಪಿ. ನೋಡುವ ಅರ್ಧ ಗಂಟೆ ಮೊದಲು ಚಹಾ, ಬೀಡಿ, ಓಡಾಟ ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ, ಕಾಲಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಪಟ್ಟಿಯನ್ನು ಬರಿ ತೋಳಿಗೇ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಸುತ್ತಿರಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಬಹಳ ಜನ ಎಡವುವುದು ಕೈ ಇಡುವ ಎತ್ತರದಲ್ಲಿ. ಪಟ್ಟಿ ಎದೆಯ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ, ಅಷ್ಟು ಎತ್ತರದ ರಕ್ತದ ಭಾರ ಸೇರಿ ಅಂಕಿ 7–8ರಷ್ಟು ಹೆಚ್ಚು ಬರುತ್ತದೆ. ಮೇಜು ತಗ್ಗಾಗಿದ್ದರೆ ಕೈಕೆಳಗೆ ದಿಂಬಿಡಿರಿ, ನಾವು ಮಡಚಿದ ಕಂಬಳಿ ಇಡುತ್ತೇವೆ. ಯಂತ್ರ ನಡೆಯುವಾಗ ಯಾರೂ ಮಾತನಾಡಿಸಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆದಿಡಿರಿ.

ಮೇಲಿನ ಅಂಕಿ ಹೃದಯ ಕುಗ್ಗಿ ರಕ್ತ ದೂಡಿದಾಗಿನ ಒತ್ತಡ. ಕೆಳಗಿನದು ಹಿಗ್ಗಿ ತುಂಬಿಕೊಳ್ಳುವಾಗಿನದು. ಮನೆಯ ಅಳತೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಬೇಕು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ನುಂಗುವವರಿಗೆ ಬೇಸಿಗೆಯಲ್ಲಿ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಕುಳಿತು ನೋಡಿದ ಮೇಲೆ ನಿಂತೂ ನೋಡಿ ವೈದ್ಯರಿಗೆ ತಿಳಿಸಿರಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿರಿ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಒಂದು ಬದಿಯ ಕೈಕಾಲು ಸೋತರೆ, ಮಾತು ತೊದಲಿದರೆ ಯಂತ್ರ ಹುಡುಕುತ್ತಾ ಕೂರದೆ ತಕ್ಷಣ 108ಕ್ಕೆ ಕರೆ ಮಾಡಿರಿ.